ಇವತ್ತು ಅಲೆ ಹೇಗಿದೆ? ಸಸಿಹಿತ್ಲುವಿನಲ್ಲಿ ಹತ್ತು ನಿಮಿಷ ನಿಂತು ನೋಡುವುದು, ಆಮೇಲೆ ಫೋಟೊ ತೆಗೆಯುವುದು

ಕೆಲವು ವರ್ಷದ ಹಿಂದೆ ಒಂದು ಫೋಟೊ ಕಳಿಸಿ ಮರ್ಯಾದೆ ಕಳೆದುಕೊಂಡವನು ನಾನು. ಗುರುವಾರ ಬೆಳಿಗ್ಗೆ ಸಸಿಹಿತ್ಲು ಬೀಚಿಗೆ ಹೋಗಿದ್ದೆ. ಒಂದು ಅಲೆ ಚಂದಕ್ಕೆ ಎದ್ದಿತು. ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಝೂಮ್ ಹಾಕಿ ತೆಗೆದೆ. ಫೋಟೊದಲ್ಲಿ ಅದು ಮನೆಯ ಮಾಡಿನಷ್ಟು ಎತ್ತರ ಕಾಣುತ್ತಿತ್ತು. ಬೆಂಗಳೂರಿನ ಗೆಳೆಯ ಅದನ್ನು ನೋಡಿದವನೇ ಶುಕ್ರವಾರ ರಾತ್ರಿ ಬಸ್ಸು ಹತ್ತಿದ, ಜೊತೆಗೆ ಇನ್ನಿಬ್ಬರನ್ನು ಎಬ್ಬಿಸಿಕೊಂಡು, ಅಲೆಯ ಮೇಲೆ ಸವಾರಿ ಮಾಡುವ ಸರ್ಫಿಂಗ್ ಬೋರ್ಡಿನ ಬಾಡಿಗೆಗೆ ಮುಂಗಡ ಬೇರೆ ಕೊಟ್ಟು. ಶನಿವಾರ ಆರೂವರೆಗೆ ನಾವೆಲ್ಲ ನಿಂತು ನೋಡಿದರೆ ಮೊಣಕಾಲೆತ್ತರದ ನೀರು ಸುಮ್ನೆ ಮಗುಚಿಕೊಳ್ಳುತ್ತಿತ್ತು. "ಏನ್ ಮಗಾ ಇದು, ಸ್ಯಾಂಕಿ ಕೆರೆ ಇದಕ್ಕಿಂತ ಜೋರಾಗಿರುತ್ತೆ" ಅಂದ.

ಫೋಟೊ ಸುಳ್ಳಲ್ಲ. ಆ ಅಲೆ ಬಂದದ್ದು ನಿಜ. ಆದರೆ ಅರ್ಧ ಗಂಟೆಯಲ್ಲಿ ಅಂಥದ್ದು ಒಂದೇ ಬಂದಿತ್ತು, ಎತ್ತರ ಸೊಂಟದವರೆಗೆ ಅಷ್ಟೇ. ನಾನು ಕೂತ ರೀತಿ ಮತ್ತು ಝೂಮ್ ಸೇರಿ ಅದನ್ನು ರಾಕ್ಷಸ ಮಾಡಿದ್ದವು. ಎರಡು ದಿನದಲ್ಲಿ ಕಡಲು ಬದಲಾಗುತ್ತದೆ ಅನ್ನುವುದನ್ನೂ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಅವತ್ತಿನಿಂದ ಮೊದಲು ಕಡಲು ನೋಡುವುದು ಕಲಿತೆ, ಫೋಟೊ ಆಮೇಲೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಜಾಗದ ಪರಿಚಯ ಇಲ್ಲದವರಿಗೆ ಎರಡು ಮಾತು. ಮಂಗಳೂರಿನಿಂದ ಉತ್ತರಕ್ಕೆ, ಸುರತ್ಕಲ್ ದಾಟಿ, ಮೂಲ್ಕಿ ಹತ್ತಿರ ಇರುವ ಊರು ಸಸಿಹಿತ್ಲು. ಒಂದು ಕಡೆ ನಂದಿನಿ ನದಿ, ಇನ್ನೊಂದು ಕಡೆ ಅರಬ್ಬಿ ಕಡಲು, ನಡುವೆ ಪಟ್ಟಿಯಂಥ ನೆಲ. ಆ ಪಟ್ಟಿ ಮುಗಿಯುವಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಅದು ಅಳಿವೆ. ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರುವಾಗಿತ್ತು. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಇದೇ ಸಸಿಹಿತ್ಲುವಿನಲ್ಲಿ ನಡೆಯಿತು. ಹಾಗಾಗಿ "ಇವತ್ತು ಅಲೆ ಹೇಗಿದೆ" ಅನ್ನುವ ಪ್ರಶ್ನೆ ನಮ್ಮ ಕಡೆ ಈಗ ಮೀನುಗಾರರದ್ದು ಮಾತ್ರ ಅಲ್ಲ.

ಈಗ ಎಲ್ಲರೂ ಮೊದಲು ನೋಡುವುದು ಮೊಬೈಲು. ಅಲೆಯ ಮುನ್ಸೂಚನೆ ಕೊಡುವ ಯಾವ ಆ್ಯಪ್ ತೆರೆದರೂ ಎರಡು ಸಂಖ್ಯೆ ಎದ್ದು ಕಾಣುತ್ತವೆ. ಒಂದು ಎತ್ತರ, ಮೀಟರಿನಲ್ಲಿ. ಇನ್ನೊಂದು ಪೀರಿಯಡ್, ಸೆಕೆಂಡಿನಲ್ಲಿ. ಹೆಚ್ಚಿನವರು ಎತ್ತರ ನೋಡಿ ಮೊಬೈಲು ಮುಚ್ಚುತ್ತಾರೆ. ನನ್ನ ಮಟ್ಟಿಗೆ ಪೀರಿಯಡ್ಡೇ ದೊಡ್ಡದು. ಒಂದು ಅಲೆಯ ತುದಿ ದಾಟಿ ಮುಂದಿನ ಅಲೆಯ ತುದಿ ಬರುವವರೆಗಿನ ಸಮಯ ಅದು. ಆರು ಸೆಕೆಂಡ್ ಇದ್ದರೆ ಇಲ್ಲೇ ಎಲ್ಲೋ ಬೀಸಿದ ಗಾಳಿ ಎಬ್ಬಿಸಿದ ಅಲೆ. ಹದಿನಾಲ್ಕು ಇದ್ದರೆ ಅದು ಬಹಳ ದೂರದಿಂದ ಬಂದ ನೆಂಟ. ಸರ್ಫಿಂಗ್ ಮಾಡುವವರು ಇದನ್ನು ಸ್ವೆಲ್ ಅನ್ನುತ್ತಾರೆ.

ಎಷ್ಟು ದೂರ? ದಕ್ಷಿಣ ಹಿಂದೂ ಮಹಾಸಾಗರದಲ್ಲಿ, 40 ಡಿಗ್ರಿ ದಕ್ಷಿಣ ಅಕ್ಷಾಂಶದ ಆಸುಪಾಸು, ವರ್ಷವಿಡೀ ಬಿರುಗಾಳಿ ಸುತ್ತುತ್ತಿರುತ್ತದೆ. ಅಲ್ಲಿಂದ ನಮ್ಮ ತೀರಕ್ಕೆ ಹೆಚ್ಚುಕಡಿಮೆ 6,000 ಕಿಲೋಮೀಟರ್. ಆಳ ನೀರಿನಲ್ಲಿ ಅಲೆಯ ವೇಗ ಅದರ ಪೀರಿಯಡ್ಡಿನಿಂದಲೇ ಸಿಗುತ್ತದೆ. ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ಒಂದು ಅಲೆಯ ವೇಗ ಸೆಕೆಂಡಿಗೆ ಇಷ್ಟು ಮೀಟರ್ ಅಂತ ಬರುತ್ತದೆ. ಆದರೆ ಅಲೆಗಳು ಗುಂಪಾಗಿ ಸಾಗುವಾಗ ಗುಂಪಿನ ವೇಗ ಅದರ ಅರ್ಧ. ಹದಿನಾಲ್ಕು ಸೆಕೆಂಡಿನ ಗುಂಪು ಗಂಟೆಗೆ ಸುಮಾರು 39 ಕಿಲೋಮೀಟರ್ ಓಡುತ್ತದೆ. ಅಂದರೆ ಆರು ದಿನದ ಮೇಲೆ ಸ್ವಲ್ಪ ಪ್ರಯಾಣ. ಅಲ್ಲಿ ಭಾನುವಾರ ಎದ್ದ ಬಿರುಗಾಳಿ ಇಲ್ಲಿ ಮುಂದಿನ ವಾರಾಂತ್ಯಕ್ಕೆ ಮುಟ್ಟುತ್ತದೆ, ಆಗ ಇಲ್ಲಿ ಆಕಾಶ ತಿಳಿಯಾಗಿರಬಹುದು, ಒಂದು ಎಲೆಯೂ ಅಲ್ಲಾಡದೆ ಇರಬಹುದು. ಗಾಳಿ ಇಲ್ಲ, ಮೋಡ ಇಲ್ಲ, ಅಲೆ ಮಾತ್ರ ಜೋರು ಅಂತ ಜನ ಆಶ್ಚರ್ಯಪಡುವುದು ಇದಕ್ಕೇ.

ಕೇರಳದಲ್ಲಿ ಇಂಥ ಅಲೆ ಹೇಳದೆ ಕೇಳದೆ ದಂಡೆಗೆ ನುಗ್ಗಿದರೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಕನ್ನಡದವರಿಗೆ ಅರ್ಥ ಹೇಳಬೇಕಾಗಿಯೇ ಇಲ್ಲ ಅಲ್ವಾ? 2012ರಲ್ಲಿ ಯುನೆಸ್ಕೊ ಕೂಡ ಈ ಪದವನ್ನು ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಇನ್‌ಕಾಯ್ಸ್, ಅಂದರೆ ಕಡಲಿನ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಇದಕ್ಕೆ ಬೇರೆಯೇ ಎಚ್ಚರಿಕೆ ಹೊರಡಿಸುತ್ತದೆ. 2024ರ ಮೇ ಮೊದಲ ವಾರ ಕೇರಳ, ತಮಿಳುನಾಡು ತೀರಕ್ಕೆ ಅಂಥ ಎಚ್ಚರಿಕೆ ಬಂದಿತ್ತು. ನಾನು ಯಾವ ಆ್ಯಪ್ ನೋಡಿದರೂ ಕೊನೆಗೆ ಇನ್‌ಕಾಯ್ಸ್ ಪುಟ ಒಂದು ಸಲ ನೋಡಿಯೇ ಮನೆಯಿಂದ ಹೊರಡುವುದು.

ಎಲ್ಲ ಅಲೆಯೂ ದಕ್ಷಿಣದಿಂದಲೇ ಬರುವುದಿಲ್ಲ. ಚಳಿಗಾಲದಲ್ಲಿ ಅರೇಬಿಯಾ ಕಡೆ ಶಮಾಲ್ ಅನ್ನುವ ಗಾಳಿ ಬೀಸಿದಾಗ ವಾಯವ್ಯ ದಿಕ್ಕಿನಿಂದಲೂ ಅಲೆ ಬರುತ್ತದೆ, ಅದರ ಪೀರಿಯಡ್ ಕಮ್ಮಿ. ಮಳೆಗಾಲದ್ದು ಬೇರೆಯೇ ಕಥೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವ ಆ ದಿನಗಳಲ್ಲಿ ಕಡಲು ಕೆಸರು ಬಣ್ಣಕ್ಕೆ ತಿರುಗಿ, ಸಾಲು ಅಂತ ಒಂದೂ ಇಲ್ಲದೆ ಕುದಿಯುತ್ತಿರುತ್ತದೆ. ನೋಡುವುದಕ್ಕೆ ಭಯಂಕರ ಚಂದ. ಇಳಿಯುವುದಕ್ಕಲ್ಲ.

ಈಗ ಆ ಎತ್ತರದ ಸಂಖ್ಯೆಗೆ ಬರೋಣ. ಆ್ಯಪ್ 1.2 ಮೀಟರ್ ಅಂದರೆ ಎಲ್ಲ ಅಲೆಯೂ 1.2 ಅಂತಲ್ಲ. ಬಂದ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲನ್ನು ತೆಗೆದು, ಅವುಗಳ ಸರಾಸರಿ ಹಾಕಿ ಕೊಡುವ ಲೆಕ್ಕ ಅದು. ಹಾಗಾಗಿ ಬಹಳಷ್ಟು ಅಲೆ ಅದಕ್ಕಿಂತ ಚಿಕ್ಕದಿರುತ್ತದೆ, ಆಗೊಮ್ಮೆ ಈಗೊಮ್ಮೆ ಒಂದು ಅದರ ಹತ್ತಿರ ಹತ್ತಿರ ಎರಡರಷ್ಟೂ ಬರಬಹುದು. ಜೊತೆಗೆ, ಆ ಲೆಕ್ಕ ಹೊರಗಿನ ಆಳದ ಕಡಲಿನದು. ದಂಡೆಯದ್ದಲ್ಲ.

ದಂಡೆಗೆ ಬರುವಾಗ ಏನಾಗುತ್ತದೆ ನೋಡಿ. ಹದಿನಾಲ್ಕು ಸೆಕೆಂಡಿನ ಅಲೆಯ ಉದ್ದ ಆಳ ನೀರಿನಲ್ಲಿ 300 ಮೀಟರಿಗಿಂತ ಜಾಸ್ತಿ. ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದ ಕೂಡಲೇ ಅಲೆಗೆ ನೆಲ ತಾಗಲು ಶುರು. ಅಂದರೆ 150 ಮೀಟರ್ ಆಳದಲ್ಲೇ ಅದಕ್ಕೆ ಕಡಲ ತಳದ ಸುದ್ದಿ ಸಿಗುತ್ತದೆ. ಆರು ಸೆಕೆಂಡಿನ ಅಲೆಗೆ 28 ಮೀಟರಿಗೆ ಬಂದ ಮೇಲಷ್ಟೇ. ನೆಲ ತಾಗಿದ ಅಲೆ ನಿಧಾನವಾಗುತ್ತದೆ, ಹಿಂದಿನದು ಒತ್ತಿಕೊಂಡು ಬರುತ್ತದೆ, ನೀರು ಮೇಲೇಳುತ್ತದೆ. ಉದ್ದ ಪೀರಿಯಡ್ಡಿನ ಅಲೆ ಹೀಗೆ ಜಾಸ್ತಿ ಮೇಲೇಳುತ್ತದೆ. ಹಾಗಾಗಿಯೇ ಒಂದು ಮೀಟರ್, ಆರು ಸೆಕೆಂಡ್ ಅಂದ ದಿನ ಕಡಲು ಗಲಿಬಿಲಿ ಮಾಡಿ ಸುಮ್ಮನಾಗುತ್ತದೆ. ಅದೇ ಒಂದು ಮೀಟರ್, ಹದಿನಾಲ್ಕು ಸೆಕೆಂಡ್ ಅಂದ ದಿನ ಎದೆಯೆತ್ತರದ ಗೋಡೆ ಎದ್ದು ನಿಲ್ಲುತ್ತದೆ. ಎತ್ತರ ಒಂದೇ ಇದ್ದರೂ ಹೊತ್ತು ತರುವ ಶಕ್ತಿ ಎರಡರಷ್ಟಕ್ಕಿಂತ ಜಾಸ್ತಿ.

ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಇದು ತಿಳಿದರೆ ದಂಡೆಯಲ್ಲಿ ನಿಂತೇ ಕಡಲ ತಳ ಓದಬಹುದು. ಒಂದು ಮೀಟರಿನ ಅಲೆ ದೂರದಲ್ಲಿ ಬಿಳಿ ನೊರೆಯಾಗಿ ಒಡೆದರೆ ಅಲ್ಲಿ ಒಂದೂಕಾಲು ಮೀಟರ್ ನೀರು, ಕೆಳಗೆ ಮರಳಿನ ದಿಬ್ಬ. ನಡುವೆ ಒಡೆಯದೆ ಹಾಗೇ ಬಂದರೆ ಅಲ್ಲಿ ಹೊಂಡ. ಈ ದಿಬ್ಬಗಳು ಖಾಯಂ ಅಲ್ಲ. ಅದರಲ್ಲೂ ಅಳಿವೆ ಪಕ್ಕದ ಸಸಿಹಿತ್ಲುವಿನಂಥ ಕಡೆ ಪ್ರತಿ ಮಳೆಗಾಲ ನದಿ ಮತ್ತು ಕಡಲು ಸೇರಿ ಎಲ್ಲವನ್ನೂ ಕಲಸಿ ಬೇರೆ ಕಡೆ ಹಾಕುತ್ತವೆ. ಆ್ಯಪಿಗೆ ಇದು ಯಾವುದೂ ಗೊತ್ತಿಲ್ಲ. ಹೋಗಿ ನೋಡಲೇಬೇಕು.

ಬೆಳಿಗ್ಗೆಯೇ ಯಾಕೆ ಅಂತ ಕೇಳುತ್ತಾರೆ. ಗಾಳಿ, ಮತ್ತೇನಿಲ್ಲ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹಾಗಾಗಿ ಬೆಳಗಿನ ಜಾವ ನೆಲದ ಕಡೆಯಿಂದ ಕಡಲಿನ ಕಡೆಗೆ ಗಾಳಿ ಹರಿಯುತ್ತದೆ. ನಮ್ಮ ತೀರ ಪಡುವಣಕ್ಕೆ ಮುಖ ಮಾಡಿದೆ, ಆದ್ದರಿಂದ ಇದು ಮೂಡಣ ಗಾಳಿ. ಬರುವ ಅಲೆಯ ಎದುರು ಬೀಸಿ, ಅದರ ಮುಖ ನಯ ಮಾಡಿ, ಬೇಗ ಬೀಳದ ಹಾಗೆ ಎತ್ತಿ ಹಿಡಿಯುತ್ತದೆ. ಸರ್ಫರುಗಳ ಭಾಷೆಯಲ್ಲಿ ಆಫ್‌ಶೋರ್. ಬಿಸಿಲು ಏರಿ ನೆಲ ಕಾದ ಮೇಲೆ ಎಲ್ಲ ತಿರುಗಿಬೀಳುತ್ತದೆ. ಹತ್ತು ಗಂಟೆಯ ಹೊತ್ತಿಗೆ ಪಡುಗಾಳಿ ಶುರು, ಅಲೆಯ ಬೆನ್ನಿಗೆ ಗುದ್ದಿ ಅದನ್ನು ಚೂರು ಚೂರು ಮಾಡುತ್ತದೆ. ಏಳು ಗಂಟೆಗೆ ಎಣ್ಣೆ ಸವರಿದ ಹಾಗಿದ್ದ ಕಡಲು ಹನ್ನೊಂದಕ್ಕೆ ಚಾಪೆ ಮುದುಡಿದ ಹಾಗೆ. ದಂಡೆಯಲ್ಲಿ ಸಿಗುವ ಹಿರಿಯ ಮೀನುಗಾರರೊಬ್ಬರನ್ನು ನಾನು ದಿನಾ ಕೇಳುತ್ತೇನೆ, "ಅಣ್ಣ, ಗಾಳಿ ಯಾವಾಗ ತಿರುಗುತ್ತದೆ?" ಅವರು ತಲೆ ಎತ್ತುವುದೂ ಇಲ್ಲ. ಬಲೆಯ ಗಂಟು ಬಿಡಿಸುತ್ತಲೇ "ಒಂಬತ್ತೂವರೆ" ಅನ್ನುತ್ತಾರೆ. ಸಾಮಾನ್ಯವಾಗಿ ತಪ್ಪುವುದಿಲ್ಲ.

ಉಬ್ಬರ ಇಳಿತ ನಮ್ಮ ಕಡೆ ಗುಜರಾತಿನ ಹಾಗೆ ಭಾರಿ ಅಲ್ಲ. ಖಂಭಾತ್ ಕೊಲ್ಲಿಯಲ್ಲಿ ಎಂಟು ಹತ್ತು ಮೀಟರ್ ಏರಿಳಿಯುತ್ತದೆ, ಮಂಗಳೂರಿನಲ್ಲಿ ಅಮಾವಾಸ್ಯೆ ಹುಣ್ಣಿಮೆಗೂ ಒಂದೂವರೆ ಮೀಟರ್ ಆಸುಪಾಸು. ಆದರೆ ದಿಬ್ಬದ ಮೇಲೆ ಇರುವ ನೀರೇ ಒಂದೆರಡು ಮೀಟರ್ ಆದಾಗ ಒಂದೂವರೆ ಕಮ್ಮಿಯಲ್ಲ. ಉಬ್ಬರದಲ್ಲಿ ಅಲೆ ದಿಬ್ಬದ ಮೇಲೆ ದಪ್ಪಗೆ ಹಾದುಹೋಗಿ ನೇರ ದಂಡೆಗೆ ಬಂದು ಧಬ್ ಅನ್ನುತ್ತದೆ. ಪೂರ್ತಿ ಇಳಿತದಲ್ಲಿ ಅಲೆ ಉದ್ದಕ್ಕೂ ಒಂದೇ ಸಲ ಮಗುಚಿ ಬೀಳುತ್ತದೆ. ನಡುವಿನ ಹೊತ್ತು ಒಳ್ಳೆಯದು. ಅದು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತಿರುತ್ತದೆ, ಹಾಗಾಗಿ ನಿನ್ನೆ ಏಳಕ್ಕೆ ಚೆನ್ನಾಗಿತ್ತು ಅಂದರೆ ಇವತ್ತು ಏಳಕ್ಕೂ ಹಾಗೇ ಇರಬೇಕು ಅಂತ ಹಟ ಹಿಡಿಯಬೇಡಿ.

ಇಷ್ಟು ತಲೆಯಲ್ಲಿದ್ದರೆ ದಂಡೆಯ ಕೆಲಸ ಹತ್ತು ನಿಮಿಷದ್ದು. ನಾನು ಮೊದಲ ಐದು ನಿಮಿಷ ಮೊಬೈಲು ಜೇಬಿನಿಂದ ತೆಗೆಯುವುದೇ ಇಲ್ಲ. ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ಸೆಟ್ ಅಂತಾರೆ. ಸ್ವಲ್ಪ ಬೇರೆ ಬೇರೆ ಪೀರಿಯಡ್ಡಿನ ಅಲೆಗಳು ಒಮ್ಮೆ ಒಂದರ ಮೇಲೊಂದು ಕೂಡಿ ದೊಡ್ಡದಾಗುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿ ಚಿಕ್ಕದಾಗುತ್ತವೆ. ಹೋದ ಕೂಡಲೇ ನೋಡಿ ತೀರ್ಪು ಕೊಟ್ಟರೆ ನೀವು ನೋಡಿದ್ದು ದೊಡ್ಡ ಗುಂಪೋ ನಡುವಿನ ವಿರಾಮವೋ ಗೊತ್ತಾಗುವುದಿಲ್ಲ. ಕನಿಷ್ಠ ಒಂದು ಸೆಟ್ ಬಂದು ಹೋಗಲಿ.

ಪೀರಿಯಡ್ ಎಣಿಸುವುದು ಸುಲಭ. ನೀರಿನಲ್ಲಿ ನಿಂತ ಕಂಬವೋ ಕಲ್ಲೋ ಲಂಗರು ಹಾಕಿದ ದೋಣಿಯೋ ಒಂದನ್ನು ಗುರುತು ಇಟ್ಟುಕೊಳ್ಳಿ. ಒಂದು ತುದಿ ಅದನ್ನು ದಾಟಿದಾಗ ಗಡಿಯಾರ ಶುರು ಮಾಡಿ, ಹನ್ನೊಂದನೇ ತುದಿಗೆ ನಿಲ್ಲಿಸಿ, ಹತ್ತರಿಂದ ಭಾಗಿಸಿ. 120 ಸೆಕೆಂಡ್ ಆದರೆ ಪೀರಿಯಡ್ 12. ಆ್ಯಪ್ ಹೇಳಿದ್ದಕ್ಕೂ ಇದಕ್ಕೂ ಹೊಂದದಿದ್ದರೆ ನಾನು ನನ್ನ ಎಣಿಕೆಯನ್ನೇ ನಂಬುತ್ತೇನೆ.

ಎತ್ತರ ಅಳೆಯುವ ಉಪಾಯ ಇನ್ನೂ ಚಂದ. ನೀರಂಚಿನಲ್ಲಿ ನಿಲ್ಲಿ. ಅಲೆ ಒಡೆಯುವ ಹೊತ್ತಿಗೆ ಅದರ ತುದಿ ದಿಗಂತದ ಗೆರೆ ದಾಟಿ ಮೇಲೆ ಹೋಗುತ್ತದಾ, ಕೆಳಗೇ ಉಳಿಯುತ್ತದಾ ನೋಡಿ. ಕೆಳಗೇ ಉಳಿದರೆ ಸ್ವಲ್ಪ ಬಗ್ಗಿ. ಮೇಲೆ ಹೋದರೆ ದಂಡೆ ಏರಿ ಒಂದೆರಡು ಹೆಜ್ಜೆ ಹಿಂದೆ ಬನ್ನಿ. ತುದಿಯೂ ದಿಗಂತವೂ ಒಂದೇ ಗೆರೆಗೆ ಬಂದಾಗ ನಿಮ್ಮ ಕಣ್ಣು ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆಯೋ ಅಲೆಯ ತುದಿಯೂ ಅಷ್ಟೇ ಮೇಲಿದೆ. ಅಲೆಯ ಮುಂದಿನ ತಗ್ಗನ್ನು ಸೇರಿಸಿದರೆ ಎತ್ತರ ಇನ್ನೂ ಸ್ವಲ್ಪ ಜಾಸ್ತಿ. ನಾನು ನೆಟ್ಟಗೆ ನಿಂತರೆ ಕಣ್ಣು ಐದಡಿ ಮೇಲೆ. ಕುಕ್ಕರಗಾಲಲ್ಲಿ ಕೂತರೆ ಎರಡೂವರೆ. ಅವತ್ತಿನ ನನ್ನ ಫೋಟೊದ ಗುಟ್ಟು ಗೊತ್ತಾಯಿತಲ್ಲ? ಎರಡೂವರೆ ಅಡಿಯಿಂದ ನೋಡಿದರೆ ಮೂರಡಿಯ ಅಲೆಯೂ ದಿಗಂತ ಮುಚ್ಚುತ್ತದೆ.

ಆಮೇಲೆ ಒಂದು ಒಣ ತೆಂಗಿನ ಸಿಪ್ಪೆ ಹುಡುಕಿ ನೀರಿಗೆ ಎಸೆಯುತ್ತೇನೆ. ನಮ್ಮ ದಂಡೆಯಲ್ಲಿ ಅದಕ್ಕೇನು ಬರ? ಒಂದು ನಿಮಿಷದಲ್ಲಿ ಅದು ಬಡಗು ದಿಕ್ಕಿಗೆ ಹೋಯಿತೋ ತೆಂಕಿಗೋ, ಎಷ್ಟು ಹೆಜ್ಜೆ ಹೋಯಿತು ಅಂತ ಜೊತೆಗೇ ನಡೆದು ನೋಡಿದರೆ ದಂಡೆ ಉದ್ದಕ್ಕೂ ಹರಿಯುವ ಸೆಳೆತ ಗೊತ್ತಾಗುತ್ತದೆ. ಸಿಪ್ಪೆ ಪಕ್ಕಕ್ಕೆ ಹೋಗದೆ ನೇರ ಹೊರಗೆ ಹೊರಟರೆ ಮಾತ್ರ ಎಚ್ಚರ. ಅದು ರಿಪ್. ಎರಡು ಕಡೆ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾಗಿ ಕಾಣುವ ಓಣಿ. ಹೊಸಬರು ಈಜಲು ಆರಿಸುವುದು ಅದನ್ನೇ, ಅಲೆ ಇಲ್ಲವಲ್ಲ ಅಂತ. ಅಲೆ ಇಲ್ಲದಿರುವುದು ಆಳ ಇರುವುದಕ್ಕೆ, ದಂಡೆಗೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದೇ ಆಗಿರುವುದಕ್ಕೆ. ಸಿಕ್ಕಿಕೊಂಡರೆ ದಂಡೆಯ ಕಡೆಗೆ ಈಜಿ ಸುಸ್ತಾಗಬೇಡಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಗೆ ಬನ್ನಿ. ಇಳಿತದ ಹೊತ್ತಿಗೆ ಅಳಿವೆ ಬಾಯಿಯ ಹತ್ತಿರವಂತೂ ಸುಳಿಯಬೇಡಿ. ನದಿ ಹೊರಗೆ ತಳ್ಳುತ್ತದೆ, ಅಲೆ ಒಳಗೆ ತಳ್ಳುತ್ತದೆ, ನಡುವೆ ನೀರು ಕಡಿದಾಗಿ ಎದ್ದು ನಿಲ್ಲುತ್ತದೆ.

ಈಗ ಫೋಟೊ. ಬೆಳಕಿನ ವಿಷಯದಲ್ಲಿ ನಾವು ಪುಣ್ಯವಂತರು. ಸೂರ್ಯ ಬೆನ್ನ ಹಿಂದೆ, ತೆಂಗಿನ ತೋಟದ ಮೇಲಿಂದ ಏರುತ್ತಾನೆ. ಜನವರಿ ಕೊನೆಗೆ 6.55ರ ಆಸುಪಾಸು, ಮೇ ಕೊನೆಗೆ ಆರು ಗಂಟೆಯ ಹೊತ್ತಿಗೆ. ಮರಗಳ ನೆರಳು ದಂಡೆಯ ಮೇಲೆ ಉದ್ದ ಬಿದ್ದಿರುವಾಗಲೇ ಹೊರಗಿನ ಅಲೆಯ ಮುಖಕ್ಕೆ ನೇರ ಬಿಸಿಲು ಬೀಳುತ್ತದೆ. ಆ ಹದಿನೈದು ಇಪ್ಪತ್ತು ನಿಮಿಷ ನೀರಿನ ಪ್ರತಿ ಸುಕ್ಕೂ ಕಾಣುತ್ತದೆ. ತೊಂದರೆ ಒಂದೇ, ಮುಂದೆ ಮರಳು ಕಪ್ಪಗಿರುವುದರಿಂದ ಮೊಬೈಲು ಪೂರ್ತಿ ಚಿತ್ರವನ್ನು ಬೆಳಗಿಸಲು ಹೋಗಿ ನೊರೆಯನ್ನು ಸುಣ್ಣದ ಗೋಡೆ ಮಾಡುತ್ತದೆ. ಪರದೆಯಲ್ಲಿ ನೊರೆಯ ಮೇಲೆ ಬೆರಳಿಟ್ಟು ಬೆಳಕು ಸ್ವಲ್ಪ ಇಳಿಸಿ.

ಅಲೆಯ ಸ್ಥಿತಿ ತೋರಿಸುವ ಫೋಟೊ ಬೇರೆ, ಗೋಡೆಗೆ ಹಾಕುವ ಫೋಟೊ ಬೇರೆ. ಎರಡನೆಯದನ್ನು ನಾನೂ ತೆಗೆಯುತ್ತೇನೆ, ಆದರೆ ಯಾರಿಗಾದರೂ ಸುದ್ದಿ ಕಳಿಸುವಾಗ ಅದನ್ನು ಕಳಿಸುವುದಿಲ್ಲ. ಸುದ್ದಿಗೆ ನೆಟ್ಟಗೆ ನಿಂತು, ಝೂಮ್ ಇಲ್ಲದೆ, ದಿಗಂತ ವಾರೆಯಾಗದ ಹಾಗೆ, ದಿನಾ ಅದೇ ಜಾಗದಿಂದ ತೆಗೆಯುತ್ತೇನೆ. ಝೂಮ್ ಹಾಕಿ ತೆಗೆದರೆ ಹಿಂದಿನ ಅಲೆ ಮುಂದಿನದಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ, ಸಾಲು ಸಾಲು ಬರುತ್ತಿದೆ ಅನ್ನಿಸುತ್ತದೆ. ಚೌಕಟ್ಟಿನಲ್ಲಿ ಅಳತೆಗೆ ಒಬ್ಬ ಮನುಷ್ಯನೋ ಒಂದು ದೋಣಿಯೋ ಇರಲೇಬೇಕು. ಅದು ಅಲೆ ಒಡೆಯುವ ಜಾಗದಷ್ಟೇ ದೂರದಲ್ಲಿದ್ದರೆ ಇನ್ನೂ ಒಳ್ಳೆಯದು. ಸರ್ಫರ್ ಮುಖ ಗುರುತು ಸಿಗುವಷ್ಟು ಹತ್ತಿರ ಇದ್ದರೆ ಒಂದು ಮಾತು ಕೇಳಿ ತೆಗೆಯಿರಿ. ದಂಡೆಯಿಂದ ಕೈರಂಪಣಿ ಬಲೆ ಎಳೆಯುವ ಮೀನುಗಾರರ ನಡುವೆ ನುಗ್ಗಿ ಫೋಟೊ ತೆಗೆಯುವುದು ಬೇಡ, ಅವರು ಕೆಲಸದಲ್ಲಿರುತ್ತಾರೆ.

ಒಂದು ಫೋಟೊ ಸಾಲದು. ಸೆಟ್ ಬಂದಾಗ ಒಂದು, ವಿರಾಮದಲ್ಲಿ ಒಂದು, ಆಮೇಲೆ ಕೈ ಅಲ್ಲಾಡಿಸದೆ ಎರಡು ನಿಮಿಷದ ವಿಡಿಯೊ. ವಿಡಿಯೊದಲ್ಲಿ ಪೀರಿಯಡ್ ತಾನಾಗಿಯೇ ಇರುತ್ತದೆ, ನೋಡುವವನು ಬೇಕಾದರೆ ಎಣಿಸಿಕೊಳ್ಳಲಿ. ಅದರ ಜೊತೆಗೆ ನಾನು ಬರೆಯುವುದು ಇಷ್ಟೇ: "6.50. ಸೊಂಟದೆತ್ತರ, ಸೆಟ್ಟಿನಲ್ಲಿ ಎದೆ. 12 ಸೆಕೆಂಡ್. ಮೂಡಣ ಗಾಳಿ, ಹಗುರ. ನೀರು ಏರುತ್ತಿದೆ. ಸಿಪ್ಪೆ ನಿಮಿಷಕ್ಕೆ ಇಪ್ಪತ್ತು ಹೆಜ್ಜೆ ತೆಂಕಿಗೆ. ನಾಳೆಯ ಜವಾಬ್ದಾರಿ ನನ್ನದಲ್ಲ." ಕೊನೆಯ ವಾಕ್ಯ ಸ್ಯಾಂಕಿ ಕೆರೆಯ ಗೆಳೆಯನಿಗಾಗಿ ಸೇರಿಸಿದ್ದು.

ಮನೆಗೆ ಬಂದ ಮೇಲೆ ಲೆನ್ಸಿನ ಮೇಲಿನ ಉಪ್ಪನ್ನು ಅಂಗಿಯ ಚುಂಗಿನಿಂದ ಒರೆಸಬೇಡಿ. ಅದರಲ್ಲಿ ಮರಳು ಇರುತ್ತದೆ, ಗೀರು ಬೀಳುತ್ತದೆ. ಮೊದಲು ಊದಿ, ಆಮೇಲೆ ಸಿಹಿನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಬಿಸಿಲಿನಲ್ಲಿ ಬಿಟ್ಟ ಉಪ್ಪುನೀರಿನ ಒಂದು ಹನಿ ಒಣಗಿದರೆ ಮರುದಿನದ ಫೋಟೊದಲ್ಲಿ ಮಂಜು ಕವಿದ ಹಾಗೆ ಕಾಣುತ್ತದೆ.

ದಿನಾ ಒಂದೇ ಜಾಗದಿಂದ ತೆಗೆದ ಫೋಟೊಗಳನ್ನು ತಿಂಗಳಿಗೊಂದು ಫೋಲ್ಡರಿನಲ್ಲಿ ಇಟ್ಟಿದ್ದೇನೆ. ಮೇ ತಿಂಗಳದ್ದು, ಅಕ್ಟೋಬರಿನದ್ದು ಪಕ್ಕ ಪಕ್ಕ ಇಟ್ಟು ನೋಡಿದರೆ ನೊರೆಯ ಸಾಲು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದದ್ದು ಕಣ್ಣಿಗೆ ಹೊಡೆಯುತ್ತದೆ. ದಿಬ್ಬ ಜಾಗ ಬಿಟ್ಟಿದೆ. ಚೌಕಟ್ಟು ತಪ್ಪದಿರಲಿ ಅಂತ ಎಡಬದಿಗೆ ಒಂದು ಬಾಗಿದ ತೆಂಗಿನ ಮರವನ್ನು ಗುರುತು ಇಟ್ಟುಕೊಂಡಿದ್ದೆ. ಕಳೆದ ಮಳೆಗಾಲದ ಕಡಲ್ಕೊರೆತದಲ್ಲಿ ಅದರ ಬುಡವೇ ಹೋಯಿತು. ಈಗ ಅದರ ಹಿಂದಿನ ಸಾಲಿನ ಮರವನ್ನು ಗುರುತು ಮಾಡಿಕೊಂಡು, ನಾನೂ ಆರು ಹೆಜ್ಜೆ ಹಿಂದೆ ನಿಲ್ಲುತ್ತೇನೆ.